ಟ್ಯೂಬಿಂಗೆನ್: ಬಂದು ಹೋದವರ ಊರು

ಟ್ಯೂಬಿಂಗೆನ್: ಜರ್ಮನಿಯ ನೈಋತ್ಯಕ್ಕೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನೆಕ್ಕರ್ ನದಿಯ ದಂಡೆಯ ಮೇಲಿರುವ ವಿಶ್ವವಿದ್ಯಾಲಯ ಪಟ್ಟಣ. ರಾಜ್ಯದ ರಾಜಧಾನಿ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿದೆ. ಜನಸಂಖ್ಯೆ 90,000ದ ಆಸುಪಾಸು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 28,000ದಷ್ಟಿದ್ದಾರೆ. ದೊಡ್ಡ ಕಾರ್ಖಾನೆ, ಬಂದರು ಯಾವುದೂ ಇಲ್ಲದ ಈ ಊರಿಗೆ ಹೆಸರು ಬಂದದ್ದು ಓದು ಬರಹದಿಂದ.

ಆ ಹೆಸರಿನಲ್ಲೊಂದು ಸೋಜಿಗವಿದೆ. ಇಲ್ಲೇ ಹುಟ್ಟಿ ಲೋಕಪ್ರಸಿದ್ಧರಾದವರು ಕೆಲವರೇ. ಎಲ್ಲಿಂದಲೋ ಬಂದು, ಯಾರದೋ ಮನೆಯ ಮಹಡಿಯಲ್ಲಿ ಮೂರೋ ಐದೋ ವರ್ಷ ಕಳೆದು ಹೊರಟುಹೋದವರ ಪಟ್ಟಿಗೆ ಮಾತ್ರ ಕೊನೆಯಿಲ್ಲ. ಹಳೆಯ ಪೇಟೆಯ ಗೋಡೆಗೋಡೆಗೂ ಇಂಥವರು ಇಲ್ಲಿ ವಾಸಿಸಿದ್ದರು ಎಂಬ ಫಲಕಗಳಿವೆ. 1797ರ ಸೆಪ್ಟೆಂಬರ್‌ನಲ್ಲಿ ಕೆಲವು ದಿನ ತಂಗಿದ್ದ ಕವಿ ಗಯಟೆಗೂ ಒಂದು ಫಲಕವುಂಟು. ಅದನ್ನು ನೋಡಿ ನಕ್ಕ ವಿದ್ಯಾರ್ಥಿಗಳು ಪಕ್ಕದ ಮನೆಗೆ ತಮ್ಮದೇ ಬರಹ ಅಂಟಿಸಿದರು: ಗಯಟೆ ಇಲ್ಲಿ ವಾಂತಿ ಮಾಡಿಕೊಂಡ. ಊರಿನ ಸ್ವಭಾವ ತಿಳಿಯಬೇಕಾದರೆ ಎರಡನ್ನೂ ಓದಬೇಕು.

ನೆಲ ಮತ್ತು ಊರು

ಒಂದು ಕಡೆ ನೆಕ್ಕರ್, ಇನ್ನೊಂದು ಕಡೆ ಅದರ ಉಪನದಿ ಅಮ್ಮರ್. ನಡುವಿನ ದಿಣ್ಣೆಯ ಮೇಲೆ ಹೋಹೆನ್‌ಟ್ಯೂಬಿಂಗೆನ್ ಕೋಟೆ. ಊರಿನ ಹೆಸರು ಚರಿತ್ರೆಯಲ್ಲಿ ಮೊದಲು ಕೇಳಿಬರುವುದು 1078ರಲ್ಲಿ, ನಾಲ್ಕನೆಯ ಹೆನ್ರಿ ದೊರೆ ಈ ಕೋಟೆಗೆ ಮುತ್ತಿಗೆ ಹಾಕಿದಾಗ. 1342ರಲ್ಲಿ ಹಳೆಯ ಪಾಳೆಯಗಾರರು ಸಾಲ ತೀರಿಸಲಾಗದೆ ಊರನ್ನು ವುರ್ಟೆಂಬರ್ಗ್‌ನ ಪ್ರಭುಗಳಿಗೆ ಮಾರಿಬಿಟ್ಟರು. ನದಿಗೆ ಮುಖಮಾಡಿ ಒತ್ತೊತ್ತಾಗಿ ನಿಂತ ಇಳಿಜಾರು ಸೂರಿನ ಮನೆಗಳು, ನಡುವೆ ಒಂದು ಹಳದಿ ಗೋಪುರ, ಎದುರಿಗೆ ಪ್ಲೇನ್ ಮರಗಳ ಸಾಲಿರುವ ಉದ್ದನೆಯ ನಡುಗಡ್ಡೆ: ಚಿತ್ರಪಟಗಳಲ್ಲಿ ಕಾಣುವ ಟ್ಯೂಬಿಂಗೆನ್ ಇದು. ನದಿಯಲ್ಲಿ ಉದ್ದನೆಯ ಕೋಲು ಊರಿ ನೂಕುವ ಚಪ್ಪಟೆ ದೋಣಿಗಳಿವೆ. ಪ್ರತಿ ಬೇಸಿಗೆ ವಿದ್ಯಾರ್ಥಿ ತಂಡಗಳು ಈ ದೋಣಿಗಳ ಪಂದ್ಯ ನಡೆಸುತ್ತವೆ. ಕೊನೆಗೆ ಬಂದ ತಂಡದ ಒಬ್ಬೊಬ್ಬರೂ ಅರ್ಧ ಲೀಟರ್ ಕಾಡ್ ಮೀನೆಣ್ಣೆ ಕುಡಿಯಬೇಕು. ಗೆದ್ದವರಿಗಿಂತ ಇವರನ್ನು ನೋಡಲು ನೂಕುನುಗ್ಗಲು.

ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ಪ್ರಭು. 'ಅಟೆಂಪ್ಟೊ', ಅಂದರೆ ಕೈಹಾಕಿ ನೋಡುತ್ತೇನೆ ಎಂಬುದು ಅವನ ಧ್ಯೇಯವಾಕ್ಯ. ಇಂದಿಗೂ ಅದೇ ವಿಶ್ವವಿದ್ಯಾಲಯದ ಧ್ಯೇಯವಾಕ್ಯ. ವಿದ್ಯೆಗೆ ಬಾಗಿಲು ತೆರೆದ ಅದೇ ವರ್ಷ ಊರಿನಲ್ಲಿ ಯಹೂದಿಗಳು ವಾಸಿಸಕೂಡದೆಂದು ಅವರನ್ನು ಹೊರಗಟ್ಟಲಾಯಿತು. ಸ್ಥಾಪನೆಯ ಸಂಭ್ರಮವನ್ನು ಬರೆಯುವವರು ಈ ಸಂಗತಿಯನ್ನು ಬಹುಕಾಲ ನುಂಗಿಕೊಂಡೇ ಬಂದರು.

ಅಲ್ಲಿಂದಾಚೆಗೆ ಊರು ಎರಡಾಯಿತು. ಮೇಲಿನ ಪೇಟೆಯಲ್ಲಿ ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಪುಸ್ತಕದ ಅಂಗಡಿಗಳು. ಇವರಿಗೆ ಬೇರೆಯೇ ಕಾನೂನು, ಬೇರೆಯೇ ನ್ಯಾಯಾಲಯ. ಪುಂಡಾಟ ಮಾಡಿದ ವಿದ್ಯಾರ್ಥಿಗಳನ್ನು ಕೂಡಿಹಾಕಲು ವಿಶ್ವವಿದ್ಯಾಲಯದ್ದೇ ಸೆರೆಕೋಣೆ. 1515ರ ಆ ಕೋಣೆ ಈಗಲೂ ಇದೆ. ಅಮ್ಮರ್ ಬದಿಯ ಕೆಳಪೇಟೆಯಲ್ಲಿ ದ್ರಾಕ್ಷಿ ಬೆಳೆಗಾರರು. ಇವರನ್ನು 'ಗೋಗೆನ್' ಎಂದು ಕರೆಯುತ್ತಿದ್ದರು. ಬಾಯಿ ಒರಟು, ಬುದ್ಧಿ ಚುರುಕು. ಪಂಡಿತರನ್ನು ಗೇಲಿ ಮಾಡುವ ಗೋಗೆನ್ ನಗೆಹನಿಗಳು ಪುಸ್ತಕಗಳಾಗಿ ಅಚ್ಚಾಗಿವೆ, ಹೆಚ್ಚಿನವು ಮಕ್ಕಳೆದುರು ಹೇಳುವಂಥವಲ್ಲ. ಮೇಲಿನ ಪೇಟೆಯ ಚರಿತ್ರೆ ಗ್ರಂಥಗಳಲ್ಲಿದ್ದರೆ ಕೆಳಪೇಟೆಯದು ಈ ನಗೆಹನಿಗಳಲ್ಲಿದೆ.

ಅಚ್ಚುಮನೆ, ಗ್ರಹಗತಿ, ಗಣಕಯಂತ್ರ

ಲೂಥರನ ಬಲಗೈಯಾಗಿ ಮುಂದೆ ಹೆಸರಾದ ಫಿಲಿಪ್ ಮೆಲಾಂಕ್ತನ್ 1512ರಲ್ಲಿ ಇಲ್ಲಿಗೆ ಬಂದಾಗ ಇನ್ನೂ ಹದಿನೈದರ ಹುಡುಗ. ಆರು ವರ್ಷ ಇದ್ದ. ಓದಿದ, ಪಾಠ ಹೇಳಿದ, ಅನ್‌ಷೆಲ್ಮ್‌ನ ಅಚ್ಚುಮನೆಯಲ್ಲಿ ಕರಡು ತಿದ್ದಿದ. ಅವನಿಗೆ ಗಣಿತ, ಜ್ಯೋತಿಷ ಕಲಿಸಿದವನು ಯೊಹಾನ್ನೆಸ್ ಷ್ಟೋಫ್ಲರ್. ಪುರಭವನದ ಮುಖಕ್ಕಿರುವ ಖಗೋಳ ಗಡಿಯಾರ 1511ರಲ್ಲಿ ಆಗಿದ್ದು, ಅವನ ಕೆಲಸ. ಅವನ ಪಂಚಾಂಗ ಯುರೋಪಿನ ತುಂಬ ಓಡಾಡಿತು. 1524ರ ಫೆಬ್ರವರಿಯಲ್ಲಿ ಮೀನ ರಾಶಿಯಲ್ಲಿ ಗ್ರಹಕೂಟ ಆಗುವುದೆಂದು ಅದರಲ್ಲಿತ್ತು. ಜಲಪ್ರಳಯವೇ ಬಂತೆಂದು ಜನ ದೇಶದೇಶಗಳಲ್ಲಿ ತಲ್ಲಣಿಸಿದರು. ಪ್ರಳಯ ಬರಲಿಲ್ಲ. ಗಡಿಯಾರ ಉಳಿಯಿತು.

ಅಚ್ಚಿನ ವಿಷಯದಲ್ಲಿ ಈ ಊರಿನ ಋಣ ಅತಿಹೆಚ್ಚು ಇರುವುದು ಜರ್ಮನರಿಗಿಂತ ಸ್ಲೊವೇನಿಯದವರ ಮೇಲೆ. ಪ್ರಿಮೋಜ್ ತ್ರುಬಾರ್ ಎಂಬ ಪಾದ್ರಿ ತನ್ನ ನಾಡಿನಿಂದ ಮತದ ಕಾರಣಕ್ಕೆ ಓಡಿಬಂದವನು. ಸ್ಲೊವೇನಿಯನ್ ಭಾಷೆಯ ಮೊದಲ ಎರಡು ಮುದ್ರಿತ ಪುಸ್ತಕಗಳು, ಒಂದು ಧರ್ಮಬೋಧೆ, ಇನ್ನೊಂದು ಅಕ್ಷರಮಾಲೆ, 1550ರಲ್ಲಿ ಟ್ಯೂಬಿಂಗೆನ್‌ನಲ್ಲಿ ಅಚ್ಚಾದವು. ಒಂದು ಜನಾಂಗದ ಅಕ್ಷರಾಭ್ಯಾಸ ಪರದೇಶದ ಪೇಟೆಯಲ್ಲಿ ನಡೆಯಿತು! ತ್ರುಬಾರ್ 1586ರಲ್ಲಿ ತೀರಿಕೊಂಡದ್ದು ಡೆರೆಂಡಿಂಗೆನ್‌ನಲ್ಲಿ. ಅದೀಗ ಟ್ಯೂಬಿಂಗೆನ್‌ನ ಒಂದು ಬಡಾವಣೆ. ಸ್ಲೊವೇನಿಯದ ಒಂದು ಯೂರೊ ನಾಣ್ಯದ ಮೇಲೆ ಇರುವ ಮುಖ ಅವನದೇ.

1534ರಲ್ಲಿ ನಾಡು ಪ್ರಾಟೆಸ್ಟಂಟ್ ಮತಕ್ಕೆ ತಿರುಗಿತು. ಎರಡು ವರ್ಷದ ಬಳಿಕ ದೊರೆ ಪಾದ್ರಿಗಳನ್ನು ತಯಾರು ಮಾಡಲು 'ಷ್ಟಿಫ್ಟ್' ಎಂಬ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದ. ಊಟ, ವಸತಿ, ಪಾಠ ಎಲ್ಲ ಸರ್ಕಾರದ್ದು. ಬದಲಿಗೆ ಹುಡುಗರು ನಾಡಿನ ಚರ್ಚಿನ ಸೇವೆಗೆ ಹೋಗಬೇಕು. ಬಡವರ ಮನೆಯ ಜಾಣ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಏಣಿ ಇರಲಿಲ್ಲ. ಆದರೆ ಪಾದ್ರಿಯಾಗಲೆಂದು ಇಲ್ಲಿ ಸೇರಿದವರಲ್ಲಿ ಹೆಸರಾದವರೆಲ್ಲ ಬಹುಪಾಲು ಪಾದ್ರಿಗಳಾಗದೆ ತಪ್ಪಿಸಿಕೊಂಡವರೇ.

ಖಗೋಳವಿಜ್ಞಾನಿ ಯೊಹಾನ್ನೆಸ್ ಕೆಪ್ಲರ್ ಅವರಲ್ಲಿ ಒಬ್ಬ. 1589ರಲ್ಲಿ ಬಂದ. ಗಣಿತದ ಪ್ರಾಧ್ಯಾಪಕ ಮಿಖಾಯೆಲ್ ಮೆಸ್ಟ್ಲಿನ್ ತರಗತಿಯಲ್ಲಿ ಪದ್ಧತಿಯಂತೆ ಭೂಮಿಯೇ ಕೇಂದ್ರವೆಂದು ಪಾಠ ಹೇಳುತ್ತ, ನಂಬುಗೆಯ ಕೆಲವು ಶಿಷ್ಯರಿಗೆ ಕೊಪರ್ನಿಕಸ್‌ನ ವಿಚಾರವನ್ನೂ ತಿಳಿಸುತ್ತಿದ್ದ. ಕೆಪ್ಲರ್‌ಗೆ ಆ ವಿಚಾರದ ಹುಚ್ಚು ಹಿಡಿದದ್ದು ಅಲ್ಲಿ. 1594ರಲ್ಲಿ ಗ್ರಾತ್ಸ್ ಊರಿಗೆ ಗಣಿತದ ಮೇಷ್ಟರೊಬ್ಬರು ಬೇಕೆಂದಾಗ ದೇವಶಾಸ್ತ್ರದ ಓದು ಮುಗಿಯುವ ಮೊದಲೇ ಅವನನ್ನು ಕಳಿಸಿದರು. ಅವನ ಮೊದಲ ಪುಸ್ತಕ 1596ರಲ್ಲಿ ಟ್ಯೂಬಿಂಗೆನ್‌ನಲ್ಲೇ, ಮೆಸ್ಟ್ಲಿನ್‌ನ ಮೇಲ್ವಿಚಾರಣೆಯಲ್ಲಿ ಅಚ್ಚಾಯಿತು. ಓದಿದ ಊರಿಗೆ ಪ್ರಾಧ್ಯಾಪಕನಾಗಿ ಮರಳುವ ಆಸೆ ಅವನಿಗೆ ಕೊನೆಯವರೆಗೂ ಇತ್ತು. ಮತದ ವಿಷಯದಲ್ಲಿ ಅವನ ನಿಲುವು ಇಲ್ಲಿಯ ದೇವಶಾಸ್ತ್ರಿಗಳಿಗೆ ರುಚಿಸಲಿಲ್ಲ, ಕೆಲಸ ಕೊಡಲಿಲ್ಲ. ಮುಂದೆ ಅವನ ಮುದಿತಾಯಿ ಕತಾರಿನಾಳನ್ನು ಮಾಟಗಾತಿಯೆಂದು ಹಿಡಿದಾಗ ಕಡತ ಬಂದು ನಿಂತದ್ದೂ ಟ್ಯೂಬಿಂಗೆನ್‌ನ ಕಾನೂನು ವಿಭಾಗದ ಮುಂದೆ. ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಹೆದರಿಸಿ, ಮೈಮುಟ್ಟಬೇಡಿ ಎಂಬುದು ಅವರ ತೀರ್ಪು. ಮುದುಕಿ ಹೆದರಲಿಲ್ಲ, 1621ರಲ್ಲಿ ಬಿಡುಗಡೆಯಾಯಿತು.

ಕೆಪ್ಲರ್‌ಗೆ ಇಲ್ಲಿಂದ ಬಂದ ಕಾಗದಗಳಲ್ಲಿ ಎರಡು ಬಹಳ ಬೆಲೆಯುಳ್ಳವು. ಬರೆದವನು ವಿಲ್‌ಹೆಲ್ಮ್ ಷಿಕಾರ್ಡ್: ಹೀಬ್ರೂ ಪ್ರಾಧ್ಯಾಪಕ, ಭೂಮಾಪಕ, ಕೆತ್ತನೆಗಾರ, ಎಲ್ಲವೂ. ಕೂಡುವ, ಕಳೆಯುವ ಲೆಕ್ಕವನ್ನು ಹಲ್ಲುಚಕ್ರಗಳೇ ಮಾಡುವ ಯಂತ್ರವೊಂದನ್ನು ಕಟ್ಟಿದ್ದೇನೆಂದು 1623ರಲ್ಲಿ ಅವನು ಬರೆದ. ಕೆಪ್ಲರ್‌ಗೆಂದು ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಅರೆಬರೆ ಇದ್ದಾಗಲೇ ಬೆಂಕಿಯಲ್ಲಿ ಸುಟ್ಟುಹೋಯಿತೆಂದು ಮರುವರ್ಷದ ಕಾಗದ. 1635ರಲ್ಲಿ ಷಿಕಾರ್ಡ್ ಪ್ಲೇಗಿಗೆ ಬಲಿಯಾದ. ಯಂತ್ರದ ಮಾತು ಮೂರು ಶತಮಾನ ಕಾಗದಪತ್ರಗಳಲ್ಲಿ ಹೂತುಹೋಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅವನ ರೇಖಾಚಿತ್ರಗಳು ಸಿಕ್ಕವು; ಅವನ್ನು ನೋಡಿ ಟ್ಯೂಬಿಂಗೆನ್‌ನಲ್ಲೇ ಯಂತ್ರವನ್ನು ಮತ್ತೆ ಕಟ್ಟಿದರು. ಅದು ಲೆಕ್ಕ ಮಾಡಿತು. ಪಾಸ್ಕಲ್‌ನ ಯಂತ್ರಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಿಂದಿನದು ಇದು.

ಸಸ್ಯಶಾಸ್ತ್ರಕ್ಕೂ ಈ ಊರು ಒಳ್ಳೆಯ ನೆಲ. ಗಿಡಗಳ ಚಿತ್ರಗ್ರಂಥ ಬರೆದ ಲಿಯೊನ್‌ಹಾರ್ಟ್ ಫುಕ್ಸ್ ಮೂವತ್ತು ವರ್ಷ ಇಲ್ಲಿ ವೈದ್ಯಶಾಸ್ತ್ರ ಕಲಿಸಿದ. ನಮ್ಮ ಗಿರಿಧಾಮಗಳ ತೋಟಗಳಲ್ಲೂ ತೂಗಾಡುವ ಫ್ಯೂಷಿಯ ಹೂವಿಗೆ ಇವನದೇ ಹೆಸರು. ಇಲ್ಲೇ ಹುಟ್ಟಿ ಇಲ್ಲೇ ಸತ್ತ ರುಡಾಲ್ಫ್ ಕಮೆರಾರಿಯುಸ್ ಸಸ್ಯಗಳಲ್ಲೂ ಗಂಡು ಹೆಣ್ಣು ಉಂಟೆಂದು ಪ್ರಯೋಗಗಳಿಂದ 1694ರಲ್ಲಿ ತೋರಿಸಿದ.

ಒಂದೇ ಕೋಣೆಯ ಮೂವರು

ತತ್ತ್ವಜ್ಞ ಹೆಗೆಲ್ ಮತ್ತು ಕವಿ ಹೋಲ್ಡರ್ಲಿನ್ ಇಬ್ಬರೂ 1770ರಲ್ಲಿ ಹುಟ್ಟಿದವರು, 1788ರಲ್ಲಿ ಷ್ಟಿಫ್ಟ್ ಸೇರಿದವರು. ಎರಡು ವರ್ಷ ಕಳೆದು, ಇನ್ನೂ ಹದಿನಾರು ತುಂಬದ ಷೆಲ್ಲಿಂಗ್ ಬಂದ. ಮೂವರೂ ಕೆಲಕಾಲ ಒಂದೇ ಕೋಣೆಯಲ್ಲಿದ್ದರು. ಹೊರಗೆ ಫ್ರಾನ್ಸಿನ ಕ್ರಾಂತಿಯ ಸುದ್ದಿ, ಒಳಗೆ ಮಠದಂಥ ಶಿಸ್ತು. ಜರ್ಮನ್ ತತ್ತ್ವಶಾಸ್ತ್ರದ ಮುಂದಿನ ಅರ್ಧ ಶತಮಾನ ಈ ಕೋಣೆಯಲ್ಲಿ ಮೊಳೆಯಿತು ಎನ್ನುವುದು ಊರಿನವರ ಹೆಮ್ಮೆ. ಉತ್ಪ್ರೇಕ್ಷೆ ಸ್ವಲ್ಪ ಮಾತ್ರ.

ಹೆಗೆಲ್, ಷೆಲ್ಲಿಂಗ್ ಹೊರಟುಹೋಗಿ ಬರ್ಲಿನ್‌ನ ಪೀಠಗಳನ್ನು ಏರಿದರು. ಹೋಲ್ಡರ್ಲಿನ್ ಮರಳಿ ಬಂದ, ಅಥವಾ ಅವನನ್ನು ತಂದು ಬಿಟ್ಟರು. 1806ರಲ್ಲಿ ಬುದ್ಧಿ ಕದಡಿದ ಕವಿಯನ್ನು ಆಟೆನ್‌ರೀತ್‌ನ ಹೊಸ ಆಸ್ಪತ್ರೆಗೆ ಸೇರಿಸಿದರು. ರೋಗಿಗಳು ಚೀರದಂತೆ ಮುಖಕ್ಕೆ ಕಟ್ಟುವ ತೊಗಲಿನ ಮುಸುಕನ್ನು ಕಂಡುಹಿಡಿದ ವೈದ್ಯ ಆತ. ಮರುವರ್ಷ, ಇನ್ನು ಹೆಚ್ಚೆಂದರೆ ಮೂರು ವರ್ಷದ ಆಯುಸ್ಸು ಎಂದು ಹೇಳಿ ಕಳಿಸಿಕೊಟ್ಟರು. ಅವನನ್ನು ಮನೆಗೆ ಕರೆದುಕೊಂಡವನು ಎರ್ನ್‌ಸ್ಟ್ ತ್ಸಿಮ್ಮರ್ ಎಂಬ ಬಡಗಿ. ಕವಿಯ 'ಹೈಪೀರಿಯನ್' ಕಾದಂಬರಿಯನ್ನು ಓದಿ ಮೆಚ್ಚಿದ್ದ ಬಡಗಿ! ಅವನ ಮನೆ ನೆಕ್ಕರ್‌ಗೆ ತಾಗಿದ ಹಳೆಯ ಕೋಟೆಗೋಡೆಯ ಮೇಲೆ; ಮೇಲೊಂದು ಗೋಪುರದ ಕೋಣೆ. ಮೂರು ವರ್ಷ ಮೂವತ್ತಾರಾಯಿತು. ಬಡಗಿ 1838ರಲ್ಲಿ ತೀರಿಕೊಂಡ. ಅವನ ಮಗಳು ಲೊಟೆ ಕೊನೆಯ ತನಕ ಕವಿಯ ಊಟ ಬಟ್ಟೆ ನೋಡಿಕೊಂಡಳು.

ನೋಡಲು ಬಂದವರನ್ನು ಹೋಲ್ಡರ್ಲಿನ್ 'ಮಹಾಪ್ರಭು' ಎಂದೆಲ್ಲ ಸಂಬೋಧಿಸುತ್ತಿದ್ದ. ಪದ್ಯ ಕೇಳಿದರೆ ಯಾವ ಋತುವಿನ ಮೇಲೆ ಬೇಕು ಎಂದು ವಿಚಾರಿಸಿ, ನಿಂತಲ್ಲೇ ಬರೆದು, ಕೆಳಗೆ 'ಸ್ಕಾರ್ದನೆಲ್ಲಿ' ಎಂದು ಸಹಿ ಹಾಕಿ, ನೂರಾರು ವರ್ಷ ಹಿಂದಿನದೋ ಮುಂದಿನದೋ ಒಂದು ತಾರೀಖು ನಮೂದಿಸಿ ಕೊಡುತ್ತಿದ್ದ. 1843ರ ಜೂನ್ 7ರಂದು ಸತ್ತ. ಅವನನ್ನು ಜರ್ಮನ್ ಭಾಷೆಯ ಮಹಾಕವಿಗಳ ಸಾಲಿಗೆ ಸೇರಿಸಿದ್ದು ಇಪ್ಪತ್ತನೆಯ ಶತಮಾನ. ಗೋಪುರ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಈಗ ಕವಿಯ ಸ್ಮಾರಕ. ಊರಿನ ಫಲಕಗಳಲ್ಲಿ ಬಡಗಿಯ ಹೆಸರು ಇನ್ನಷ್ಟು ದೊಡ್ಡದಾಗಿ ಇರಬಹುದಿತ್ತು.

ಅದೇ ಕಾಲದಲ್ಲಿ ಊರಿನ ಮಗನಾಗಿಯೇ ಮೆರೆದವನು ಲುಡ್ವಿಗ್ ಉಲಾಂಡ್ (1787–1862): ಲಾವಣಿಗಳ ಕವಿ, ವಕೀಲ, 1848ರ ಫ್ರಾಂಕ್‌ಫರ್ಟ್ ಸಂಸತ್ತಿನ ಸದಸ್ಯ. ಸತ್ತ ಸಂಗಾತಿಯ ಮೇಲೆ ಅವನು ಬರೆದ ಹಾಡನ್ನು ಜರ್ಮನ್ ಸೈನಿಕರ ಶವಸಂಸ್ಕಾರದಲ್ಲಿ ಇಂದಿಗೂ ನುಡಿಸುತ್ತಾರೆ. ಗಯಟೆ, ಷಿಲ್ಲರ್‌ರ ಪ್ರಕಾಶಕ ಯೊಹಾನ್ ಫ್ರೀಡ್ರಿಕ್ ಕೊಟ್ಟಾನ ಅಂಗಡಿಯೂ 1810ರವರೆಗೆ ಇಲ್ಲೇ ಇತ್ತು, ಆಮೇಲೆ ಸ್ಟುಟ್‌ಗಾರ್ಟ್‌ಗೆ ಹೋಯಿತು. ಗಯಟೆ ತಂಗಿದ್ದು ಈ ಕೊಟ್ಟಾನ ಮನೆಯಲ್ಲಿ.

ನೆಕ್ಕರ್‌ನಿಂದ ನೇತ್ರಾವತಿಗೆ

1835ರಲ್ಲಿ ಷ್ಟಿಫ್ಟ್‌ನ ಉಪಾಧ್ಯಾಯ, ಇಪ್ಪತ್ತೇಳರ ತರುಣ ಡೇವಿಡ್ ಫ್ರೀಡ್ರಿಕ್ ಷ್ಟ್ರೌಸ್ ಯೇಸುವಿನ ಚರಿತ್ರೆ ಬರೆದು ಬೈಬಲ್ಲಿನ ಪವಾಡಗಳನ್ನು ಪುರಾಣಕಥೆಗಳೆಂದು ವಿವರಿಸಿದ. ಕೆಲಸ ಹೋಯಿತು, ಯುರೋಪೆಲ್ಲ ಗದ್ದಲವೆದ್ದಿತು. ಸರಿಯಾಗಿ ಅದೇ ವರ್ಷ ಷ್ಟಿಫ್ಟ್‌ನಲ್ಲಿ ಓದು ಮುಗಿಸಿ ಡಾಕ್ಟರೇಟ್ ಪಡೆದವರು ಹೆರ್ಮನ್ ಗುಂಡರ್ಟ್. ಷ್ಟ್ರೌಸ್‌ನ ಪ್ರಭಾವಕ್ಕೆ ಒಳಗಾಗಿ, ಅದರಿಂದ ಹೊರಬಂದು, ಮರುವರ್ಷ ಮಿಷನ್ ಕೆಲಸಕ್ಕೆಂದು ಭಾರತಕ್ಕೆ ಹೊರಟರು. ಮಲಯಾಳಂ ನಿಘಂಟು, ವ್ಯಾಕರಣ ಅವರಿಂದ ಆದವು. ಇದೇ ಊರಿನಲ್ಲಿ ದೇವಶಾಸ್ತ್ರ ಓದಿದ್ದ ಅವರ ಗೆಳೆಯ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಿಳಿದರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಜೈಮಿನಿ ಭಾರತ, ದಾಸರ ಪದ ಮೊದಲಾದವನ್ನು ಅಚ್ಚು ಹಾಕಿಸಿದ್ದು ಈ ಮೋಗ್ಲಿಂಗ್. ಕನ್ನಡದ ಕೆಲಸಕ್ಕೆಂದು 1858ರಲ್ಲಿ ಓದಿದ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕನ್ನಡ ನಿಘಂಟಿನ ಕಿಟ್ಟೆಲ್ ಇವರಂತೆ ಇಲ್ಲಿ ಓದಿದವರಲ್ಲ, ಈ ಸೀಮೆಯವರೂ ಅಲ್ಲ. ಉತ್ತರ ಸಮುದ್ರದ ಕಡೆಯವರು. ಕರ್ನಾಟಕದಲ್ಲಿ ದಶಕಗಟ್ಟಲೆ ದುಡಿದು ಕೊನೆಗಾಲಕ್ಕೆ ಟ್ಯೂಬಿಂಗೆನ್‌ನಲ್ಲಿ ನೆಲೆಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳದ್ದು, 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ಸಲ್ಲಿಸಿತು. 1903ರಲ್ಲಿ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ಡಿಸೆಂಬರ್‌ನಲ್ಲಿ ಕಿಟ್ಟೆಲ್ ಈ ಊರಿನಲ್ಲೇ ತೀರಿಕೊಂಡರು. ಕನ್ನಡಿಗರ ಪಾಲಿಗೆ ಟ್ಯೂಬಿಂಗೆನ್‌ನ ಮಹಾನಿವಾಸಿ ಹೆಗೆಲ್ ಅಲ್ಲ, ಶಬ್ದಮಣಿದರ್ಪಣದ ಸೂತ್ರಗಳನ್ನು ನೆಕ್ಕರ್ ದಂಡೆಗೆ ಹೊತ್ತುತಂದ ಈ ಹಿರಿಯರು.

ಕಿಟ್ಟೆಲ್ ಇಲ್ಲಿದ್ದ ದಿನಗಳಲ್ಲೇ ಹೋಲ್ಸ್‌ಮಾರ್ಕ್ಟ್ ಚೌಕದ ಹೆಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ ಒಬ್ಬ ಹುಡುಗ ಧೂಳು ಒರೆಸಿ, ಕಟ್ಟು ಕಟ್ಟಿ, ಲೆಕ್ಕ ಬರೆಯುತ್ತಿದ್ದ. ಗುಂಡರ್ಟರ ಮಗಳ ಮಗ, ಹೆರ್ಮನ್ ಹೆಸ್ಸೆ. ಅವನ ತಾಯಿ ಮರೀ ಹುಟ್ಟಿದ್ದು ಮಲಬಾರಿನ ತಲಶ್ಶೇರಿಯಲ್ಲಿ. 1895ರಿಂದ 1899ರವರೆಗೆ ಇಲ್ಲಿದ್ದು ಮೊದಲ ಕವನಸಂಕಲನ ತಂದು ಬಾಸೆಲ್‌ಗೆ ಹೋದ. 'ಸಿದ್ಧಾರ್ಥ' ಬರಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದವು.

ಭಾರತವಿದ್ಯೆಗೆ ಮಿಷನ್ನಿನ ಹೊರಗೂ ಇಲ್ಲಿ ಬೇರಿತ್ತು. ಸಂಸ್ಕೃತ ಪ್ರಾಧ್ಯಾಪಕನಾಗಿ, ಗ್ರಂಥಪಾಲಕನಾಗಿ ಇದ್ದ ರುಡಾಲ್ಫ್ ರೋತ್, ಬೋಟ್‌ಲಿಂಕ್ ಜೊತೆಗೂಡಿ ಏಳು ಸಂಪುಟಗಳ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟನ್ನು ಸಿದ್ಧಪಡಿಸಿದ. ವೇದದ ಪದಗಳ ಭಾರ ಹೊತ್ತವನು ಇವನು. ದುನ್‌ಹುವಾಂಗ್ ಗುಹೆಗಳ ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಿದ ಆರೆಲ್ ಸ್ಟೈನ್ ಇವನ ಶಿಷ್ಯ. ಗುಂಡರ್ಟರ ಕಾಗದಪತ್ರಗಳು, ಹಸ್ತಪ್ರತಿಗಳು ಈಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವರ ಹೆಸರಿನಲ್ಲಿ 2015ರಲ್ಲಿ ಮಲಯಾಳಂ ಪೀಠವೂ ಆಯಿತು.

ಕೋಟೆಯ ಅಡುಗೆಮನೆ

ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಹೋಪೆ-ಜೈಲರ್ ಎಂಬಾತನ ರಸಾಯನ ಪ್ರಯೋಗಾಲಯವಿತ್ತು. ರಕ್ತದ ಕೆಂಪಿಗೆ ಹೀಮೊಗ್ಲೋಬಿನ್ ಎಂದು ಹೆಸರಿಟ್ಟವನು ಇವನೇ. ಸ್ವಿಟ್ಜರ್‌ಲೆಂಡ್‌ನ ತರುಣ ಫ್ರೀಡ್ರಿಕ್ ಮೀಷರ್ 1868ರಲ್ಲಿ ಇವನ ಬಳಿಗೆ ಬಂದ. ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿ, ಕೀವನ್ನು ತೊಳೆದು ತೆಗೆದು, ಅದರ ಬಿಳಿ ರಕ್ತಕಣಗಳ ಕೇಂದ್ರದಿಂದ ಅದುವರೆಗೆ ಯಾರೂ ಕಾಣದ ವಸ್ತುವೊಂದನ್ನು 1869ರಲ್ಲಿ ಬೇರ್ಪಡಿಸಿದ. ರಂಜಕ ಹೇರಳವಾಗಿದ್ದ ಅದನ್ನು 'ನ್ಯೂಕ್ಲೀನ್' ಎಂದು ಕರೆದ. ಗುರುವಿಗೆ ನಂಬಿಕೆ ಬರಲಿಲ್ಲ. ತಾನೇ ಮತ್ತೆ ಮಾಡಿ ನೋಡಿ, 1871ರಲ್ಲಿ ಪ್ರಕಟಿಸಲು ಒಪ್ಪಿದ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಮೀಷರ್ ಮುಂದೆ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ನ್ಯೂಕ್ಲೀನಿನ ಒಂದು ಗಾಜಿನ ನಳಿಕೆ ಈಗಲೂ ಟ್ಯೂಬಿಂಗೆನ್‌ನಲ್ಲಿದೆ.

1906ರ ನವೆಂಬರ್ 3ರಂದು ಇಲ್ಲಿ ಸೇರಿದ ಮನೋವೈದ್ಯರ ಸಭೆಯಲ್ಲಿ ಅಲೋಯಿಸ್ ಆಲ್ಝೈಮರ್ ಮರೆವಿನ ರೋಗಿಯೊಬ್ಬಳ ಮಿದುಳಿನ ವಿವರ ಓದಿದ. ಸಭಿಕರಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಅದಕ್ಕೆ ಮೊದಲು, 1892ರಲ್ಲಿ, ವಿಶೇಷ ಅನುಮತಿ ಪಡೆದು ತರಗತಿಯಲ್ಲಿ ಕುಳಿತ ಮರಿಯಾ ಫೊನ್ ಲಿಂಡೆನ್ 1895ರಲ್ಲಿ ವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದಳು. ಹೆಂಗಸರಿಗೆ ನೇರ ಪ್ರವೇಶ ಸಿಕ್ಕಿದ್ದು 1904ರಲ್ಲಿ.

ಕತ್ತಲು

ನಾಜಿ ಆಡಳಿತ ಬಂದಾಗ ವಿಶ್ವವಿದ್ಯಾಲಯಕ್ಕೆ ಹೊರಹಾಕಲು ಯಹೂದಿ ಪ್ರಾಧ್ಯಾಪಕರು ಹೆಚ್ಚಿರಲಿಲ್ಲ, ಮೊದಲೇ ಸೇರಿಸಿಕೊಂಡಿರಲಿಲ್ಲ. ಇದ್ದ ಕೆಲವರಲ್ಲಿ ಭೌತವಿಜ್ಞಾನಿ ಹಾನ್ಸ್ ಬೇತೆ 1933ರಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟ. ಮುಂದೆ ಅಮೆರಿಕದಲ್ಲಿ ನೊಬೆಲ್ ಪಡೆದ. 1882ರಲ್ಲಿ ಕಟ್ಟಿದ ಸಿನಗಾಗ್ 1938ರ ನವೆಂಬರ್‌ನಲ್ಲಿ ಸುಟ್ಟುಹೋಯಿತು. ಫ್ರಾನ್ಸಿನ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಅಧಿಕಾರಿ ಥಿಯೊಡೋರ್ ಡನೆಕರ್ ಇದೇ ಊರಿನಲ್ಲಿ ಹುಟ್ಟಿದವನು. ಹೋಲ್ಡರ್ಲಿನ್, ಉಲಾಂಡ್ ಮಲಗಿರುವ ಊರ ಸ್ಮಶಾನದಲ್ಲೇ 'ಹತ್ತನೆಯ ಅಂಕಣ' ಎಂಬ ಜಾಗವಿದೆ. ಗಲ್ಲಿಗೇರಿದವರ, ಬಲವಂತದ ದುಡಿಮೆಯಲ್ಲಿ ಸತ್ತ ಪರದೇಶೀಯರ ಶವಗಳನ್ನು ಅಂಗರಚನಾ ವಿಭಾಗ ಪಾಠಕ್ಕೆ ಬಳಸಿ ಅಲ್ಲಿ ಹೂಳುತ್ತಿತ್ತು. ನೂರಾರು ಜನ.

ಬಾಂಬಿನಿಂದ ಊರು ಬಹುಮಟ್ಟಿಗೆ ಪಾರಾಯಿತು. 1945ರ ಏಪ್ರಿಲ್‌ನಲ್ಲಿ ಫ್ರೆಂಚ್ ಸೈನ್ಯ ಬಂತು. 1952ರವರೆಗೆ ಟ್ಯೂಬಿಂಗೆನ್ ಒಂದು ಪುಟ್ಟ ರಾಜ್ಯದ ರಾಜಧಾನಿಯಾಗಿತ್ತು.

ಯುದ್ಧಾನಂತರ

ಬರ್ಲಿನ್ ಗೋಡೆ ಎದ್ದ 1961ರಲ್ಲಿ ಮಾರ್ಕ್ಸ್‌ವಾದಿ ತತ್ತ್ವಜ್ಞ ಎರ್ನ್‌ಸ್ಟ್ ಬ್ಲಾಖ್ ಪೂರ್ವ ಜರ್ಮನಿಗೆ ಹಿಂದಿರುಗದೆ ಇಲ್ಲಿ ಉಳಿದು, 1977ರಲ್ಲಿ ಇಲ್ಲೇ ತೀರಿಕೊಂಡರು. ಅವರ 'ಆಶೆ'ಯ ತತ್ತ್ವದಿಂದ ಪ್ರೇರಿತರಾದ ಯುರ್ಗನ್ ಮೋಲ್ಟ್‌ಮನ್ ಆಶೆಯ ದೇವಶಾಸ್ತ್ರವನ್ನು ಬರೆದರು; 2024ರಲ್ಲಿ ನಿಧನರಾದರು. ಕ್ಯಾಥೊಲಿಕ್ ವಿಭಾಗದಲ್ಲಿ ಹಾನ್ಸ್ ಕ್ಯೂಂಗ್ 1966ರಲ್ಲಿ ಕರೆತಂದ ಸಹೋದ್ಯೋಗಿ ಯೋಸೆಫ್ ರಾಟ್ಸಿಂಗರ್. ಕ್ಯೂಂಗ್ ಆಲ್ಫಾ ರೋಮಿಯೊ ಕಾರಿನಲ್ಲಿ, ರಾಟ್ಸಿಂಗರ್ ಸೈಕಲ್ಲಿನಲ್ಲಿ. 1968ರ ವಿದ್ಯಾರ್ಥಿ ಗಲಭೆ ನೋಡಿ ಬೇಸತ್ತ ರಾಟ್ಸಿಂಗರ್ ಮರುವರ್ಷ ರೆಗೆನ್ಸ್‌ಬರ್ಗ್‌ಗೆ ಹೊರಟುಹೋದರು. 2005ರಲ್ಲಿ ಪೋಪ್ ಆದರು. ಪೋಪ್ ತಪ್ಪು ಮಾಡಲಾರರೆಂಬ ಸಿದ್ಧಾಂತವನ್ನೇ ಪ್ರಶ್ನಿಸಿದ ಕ್ಯೂಂಗ್ 1979ರಲ್ಲಿ ಚರ್ಚಿನ ಬೋಧನಾಧಿಕಾರ ಕಳೆದುಕೊಂಡರೂ ಊರು ಬಿಡಲಿಲ್ಲ. 2021ರಲ್ಲಿ ಇಲ್ಲಿಯೇ ತೀರಿಕೊಂಡರು.

ಹಣ್ಣುನೊಣದ ಭ್ರೂಣ ಬೆಳೆಯುವ ಬಗೆಯನ್ನು ಬಿಡಿಸಿದ್ದಕ್ಕೆ 1995ರಲ್ಲಿ ನೊಬೆಲ್ ಹಂಚಿಕೊಂಡ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಇಲ್ಲಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು. ಆರ್‌ಎನ್‌ಎ ಲಸಿಕೆಯ ಕನಸಿನಿಂದ 2000ದಲ್ಲಿ ಹುಟ್ಟಿದ ಕ್ಯೂರ್‌ವ್ಯಾಕ್ ಕಂಪನಿಯ ಮೂಲ, ಇಲ್ಲಿಯ ವಿದ್ಯಾರ್ಥಿಯೊಬ್ಬನ ಡಾಕ್ಟರೇಟ್ ಪ್ರಬಂಧ. ಕೋವಿಡ್ ಕಾಲದಲ್ಲಿ ಎಲ್ಲರ ಕಣ್ಣೂ ಅದರ ಮೇಲಿತ್ತು. ಅದರ ಮೊದಲ ಲಸಿಕೆ ಪರೀಕ್ಷೆಯಲ್ಲಿ ಶೇ. 48ರಷ್ಟೇ ಫಲ ತೋರಿ ಹಿಂದೆಬಿತ್ತು.

ಈಚೆಗೆ ಊರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಓಡಾಡಿದ್ದು ಕಾಫಿ ಲೋಟದಿಂದ. ಬಳಸಿ ಬಿಸಾಡುವ ಲೋಟಕ್ಕೆ 50 ಸೆಂಟ್, ಚಮಚಕ್ಕೆ 20 ಸೆಂಟ್ ಎಂದು ನಗರಸಭೆ 2022ರಲ್ಲಿ ತೆರಿಗೆ ಹಾಕಿತು. ಮೆಕ್‌ಡೊನಾಲ್ಡ್ಸ್‌ನ ಸ್ಥಳೀಯ ಮಳಿಗೆ ನ್ಯಾಯಾಲಯಕ್ಕೆ ಹೋಯಿತು. 2025ರ ಜನವರಿಯಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಊರಿನ ಪರವಾದ ತೀರ್ಪನ್ನು ಪ್ರಕಟಿಸಿತು. ಬೇರೆ ಊರುಗಳೂ ಇದೇ ತೆರಿಗೆಯ ಲೆಕ್ಕ ಹಾಕತೊಡಗಿದವು.